ಮುಂದಿನ ವರ್ಷದ ತಂಡಕ್ಕೆ ಹುಡುಗರು ಎಲ್ಲಿಂದ ಬರುತ್ತಾರೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಕಡೆಯ ಪಿಟಿ ಮೇಷ್ಟ್ರುಗಳ ಫೋನಿಗೆ ಬಿಡುವಿರುವುದಿಲ್ಲ. ಬೆಂಗಳೂರಿನ ಯಾವುದೋ ಕಾಲೇಜಿನ ಕೋಚ್, ಇನ್ಯಾವುದೋ ಸಂಸ್ಥೆಯ ದೈಹಿಕ ಶಿಕ್ಷಣ ನಿರ್ದೇಶಕ, ಇಲ್ಲವೇ ಅವರ ಪರವಾಗಿ ಮಾತಾಡುವ ಹಳೇ ಆಟಗಾರ. ಕೇಳುವುದು ಒಂದೇ: ಎತ್ತರದ ಹುಡುಗರಿದ್ದಾರಾ ಸರ್? ಅಂಕ ಎಷ್ಟು ಅನ್ನುವುದು ಆಮೇಲೆ. ಆಟ ಬರುತ್ತದಾ ಅನ್ನುವುದೂ ಆಮೇಲೆ. ಆರಡಿ ದಾಟಿದ ಹುಡುಗನೋ, ಐದೂಮುಕ್ಕಾಲು ಅಡಿಯ ಹುಡುಗಿಯೋ ಸಿಕ್ಕರೆ ಮಿಕ್ಕಿದ್ದನ್ನು ತಾವೇ ಕಲಿಸಿಕೊಳ್ಳುತ್ತೇವೆ ಅನ್ನುತ್ತಾರೆ.

ಇಂಥ ಫೋನು ಕಬಡ್ಡಿಗೂ ಬರುತ್ತದೆ, ವಾಲಿಬಾಲಿಗೂ ಬರುತ್ತದೆ. ನಾನು ಬ್ಯಾಸ್ಕೆಟ್‌ಬಾಲ್ ಹಿಡಿದುಕೊಂಡು ಮಾತಾಡುತ್ತಿರುವುದಕ್ಕೆ ಕಾರಣ ಇದೆ. ಕೈಲಾಂಚ ಹೋಬಳಿಯಂಥ ಕಡೆ ಈ ಆಟಕ್ಕೆ ಹುಡುಗರನ್ನು ಕೇಳುವವರು ಇದ್ದಾರೆ, ಆಟ ಮಾತ್ರ ಇಲ್ಲ. ಕಬಡ್ಡಿಗೆ ಮಣ್ಣು ಹದ ಮಾಡಿ ಗೆರೆ ಎಳೆದರೆ ಅಂಕಣ ಸಿದ್ಧ. ವಾಲಿಬಾಲಿಗೆ ಎರಡು ಕಂಬ, ಒಂದು ನೆಟ್ ಸಾಕು. ಬ್ಯಾಸ್ಕೆಟ್‌ಬಾಲಿಗೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ ಬೇಕು. 10 ಅಡಿ ಎತ್ತರದಲ್ಲಿ ಅಲುಗಾಡದ ರಿಂಗ್ ಬೇಕು. ಮಣ್ಣಿನ ಮೇಲೆ ಚೆಂಡು ಪುಟಿಯುವುದಿಲ್ಲ, ಪುಟಿದರೂ ಹೇಳಿದ ಕಡೆ ಬರುವುದಿಲ್ಲ. ಹಾಗಾಗಿ ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಖೊಖೊ, ಥ್ರೋಬಾಲ್ ನೋಡಲು ಜನ ಸೇರುತ್ತಾರೆ. ಬ್ಯಾಸ್ಕೆಟ್‌ಬಾಲ್ ಅಲ್ಲಿ ಕಾಣುವುದೇ ಅಪರೂಪ. ಎತ್ತರದ ಹುಡುಗಿ ಹತ್ತನೇ ತರಗತಿವರೆಗೂ ಥ್ರೋಬಾಲ್ ಆಡುತ್ತಾಳೆ, ಹದಿನಾರನೇ ವಯಸ್ಸಿನಲ್ಲಿ ಮೊದಲ ಸಲ ಡ್ರಿಬಲ್ ಮಾಡುತ್ತಾಳೆ. ಬೆಂಗಳೂರಿನ ಕ್ಲಬ್ಬುಗಳಲ್ಲಿ ಎಂಟು ವರ್ಷಕ್ಕೇ ಚೆಂಡು ಹಿಡಿದವರ ಎದುರು ಇವಳನ್ನು ನಿಲ್ಲಿಸುತ್ತಾರೆ.

ಕಾಲೇಜುಗಳಿಗೆ ಯಾಕೆ ಇಷ್ಟು ಅವಸರ ಅಂತ ತಿಳಿಯಬೇಕಾದರೆ ಲೆಕ್ಕ ಹಾಕಿ ನೋಡಬೇಕು. ಒಂದು ತಂಡಕ್ಕೆ 12 ಜನ. ನಮ್ಮ ಪಿಯುಸಿ ಎರಡೇ ವರ್ಷದ್ದು. ಅಂದರೆ ಪ್ರತಿ ವರ್ಷ ಹೆಚ್ಚುಕಡಿಮೆ ಅರ್ಧ ತಂಡ ಎದ್ದು ಹೋಗುತ್ತದೆ. ಉಳಿದ ಅರ್ಧದಲ್ಲಿ ದ್ವಿತೀಯ ಪಿಯುಗೆ ಬಂದವರ ಮನೆಯಲ್ಲಿ ದೀಪಾವಳಿ ಕಳೆಯುತ್ತಿದ್ದಂತೆ ‘ಇನ್ನು ಆಟ ಸಾಕು, ಪರೀಕ್ಷೆ ನೋಡ್ಕೋ’ ಶುರುವಾಗುತ್ತದೆ. ಜೂನ್‌ನಲ್ಲಿ ಸೇರಿದ ಹೊಸ ಹುಡುಗನನ್ನು ಕೆಲವೇ ತಿಂಗಳಲ್ಲಿ ತಾಲ್ಲೂಕು, ಜಿಲ್ಲಾ ಪಂದ್ಯಗಳಿಗೆ ಇಳಿಸಬೇಕು. ಕಲಿಸಲು ಸಮಯ ಎಲ್ಲಿದೆ? ಅದಕ್ಕೇ ಕಲಿತವರನ್ನು ಎಲ್ಲಿಂದಲಾದರೂ ತರುತ್ತಾರೆ. ಕಲಿತವರು ಸಿಗದಿದ್ದರೆ ಎತ್ತರದವರನ್ನು ತರುತ್ತಾರೆ.

ಪದವಿ ಕಾಲೇಜುಗಳ ಕಥೆ ಸ್ವಲ್ಪ ಬೇರೆ. ಅಲ್ಲಿ ಮೂರು ವರ್ಷ ಸಿಗುತ್ತದೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021-22ರಲ್ಲಿ ಇಡೀ ದೇಶಕ್ಕಿಂತ ಮೊದಲು ಜಾರಿ ಮಾಡಿದ್ದು ಕರ್ನಾಟಕ. ಆಗ ನಾಲ್ಕನೇ ವರ್ಷದ ಆಸೆ ಹುಟ್ಟಿತ್ತು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಬಂದೆವು. ಇದನ್ನು ಶಿಕ್ಷಣದ ವಿಷಯವಾಗಿ ಎಲ್ಲರೂ ಚರ್ಚಿಸಿದರು. ತಂಡ ಕಟ್ಟುವವನಿಗೆ ಇದು ಒಬ್ಬ ಒಳ್ಳೆಯ ಸೆಂಟರ್ ಆಟಗಾರ ಇನ್ನೊಂದು ಸೀಸನ್ ಇರುತ್ತಾನೋ ಇಲ್ಲವೋ ಅನ್ನುವ ಪ್ರಶ್ನೆಯೂ ಆಗಿತ್ತು.

ಇದರ ಜೊತೆಗೆ ಪದಕದ ಪೈಪೋಟಿ. ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ 2020ರಲ್ಲಿ ಭುವನೇಶ್ವರದಲ್ಲಿ ಶುರುವಾಯಿತು. ಎರಡನೇ ಕೂಟ 2022ರ ಏಪ್ರಿಲ್–ಮೇನಲ್ಲಿ ಬೆಂಗಳೂರಿಗೆ ಬಂತು. ಆತಿಥ್ಯ ವಹಿಸಿದ್ದು ಜೈನ್ ವಿಶ್ವವಿದ್ಯಾಲಯ, 20 ಚಿನ್ನ ಗೆದ್ದು ಮೊದಲ ಸ್ಥಾನಕ್ಕೆ ಬಂದದ್ದೂ ಅದೇ. ಅದರ ಗ್ಲೋಬಲ್ ಕ್ಯಾಂಪಸ್ ಇರುವುದು ನಮ್ಮ ಜಿಲ್ಲೆಯಲ್ಲೇ, ಕನಕಪುರ ರಸ್ತೆಯ ಜಕ್ಕಸಂದ್ರದಲ್ಲಿ. ಆ ಕಡೆ ಮೂಡುಬಿದಿರೆಯ ಆಳ್ವಾಸ್ ಕ್ರೀಡಾ ದತ್ತು ಅಂತಲೇ ವ್ಯವಸ್ಥೆ ಮಾಡಿಕೊಂಡಿದೆ. ಫೀಸಿಲ್ಲ, ಊಟ ವಸತಿ ಅವರದೇ. 2020ರ ಜನವರಿಯಲ್ಲಿ ಮೂಡುಬಿದಿರೆಯಲ್ಲೇ ನಡೆದ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟದಲ್ಲಿ ಮಂಗಳೂರು ವಿಶ್ವವಿದ್ಯಾಲಯ ಚಾಂಪಿಯನ್ ಆದಾಗ ಆ ತಂಡದ ಬೆನ್ನೆಲುಬು ಆಳ್ವಾಸ್‌ನವರೇ ಆಗಿದ್ದರು. ಒಂದು ಕಾಲೇಜು ಮನಸ್ಸು ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಈ ಕರೆದುಕೊಂಡು ಹೋಗುವುದನ್ನು ಕಳ್ಳತನ ಅನ್ನುವ ಮೇಷ್ಟ್ರುಗಳನ್ನು ನಾನು ನೋಡಿದ್ದೇನೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಕೈಲಾಂಚದ ಹುಡುಗಿ ಬೆಳಿಗ್ಗೆ ಆರಕ್ಕೆ ಬೆಂಗಳೂರಿನ ಅಂಕಣದಲ್ಲಿ ಇರಬೇಕಾದರೆ ಯಾವ ಬಸ್ಸು ಹಿಡಿಯಬೇಕು? ರಾಮನಗರಕ್ಕೆ ಬಂದು, ಅಲ್ಲಿಂದ ರೈಲು ಹಿಡಿದು, ಇಳಿದು ಇನ್ನೊಂದು ಬಸ್ಸು ಹತ್ತುವ ಹೊತ್ತಿಗೆ ಅಭ್ಯಾಸ ಮುಗಿದಿರುತ್ತದೆ. ಹಾಸ್ಟೆಲ್ ಇಲ್ಲದೆ ಈ ಆಟ ನಮ್ಮವರಿಗೆ ದಕ್ಕುವುದಿಲ್ಲ. ಸರ್ಕಾರದ ಕ್ರೀಡಾ ಹಾಸ್ಟೆಲ್‌ಗಳಿವೆ, ಬೆಂಗಳೂರಿನ ವಿದ್ಯಾನಗರದ್ದು ಹೆಸರುವಾಸಿ. ಅಲ್ಲಿ ಸೀಟು ಎಷ್ಟು, ಆಸೆ ಇಟ್ಟುಕೊಂಡವರು ಎಷ್ಟು! ಇನ್ನೊಂದು ಮಾತನ್ನೂ ಹೇಳಬೇಕು. ಹುಡುಗಿಯರ ವಿಷಯದಲ್ಲಿ ಕ್ರೀಡಾ ಸೀಟು ಅಂದರೆ ಬರೀ ಆಟ ಅಲ್ಲ. ಪಿಯುಸಿ ಮುಗಿಯುತ್ತಿದ್ದಂತೆ ಮನೆಗೆ ಗಂಡು ನೋಡಲು ಬರುವವರನ್ನು ಐದಾರು ವರ್ಷ ಹಿಂದಕ್ಕೆ ಕಳಿಸುವ ಕಾಗದ ಅದು. ‘ಫ್ರೀ ಸೀಟು, ಹಾಸ್ಟೆಲ್ಲೂ ಫ್ರೀ, ಓದ್ಲಿ ಬಿಡು’ ಅಂತ ಒಬ್ಬ ಅಜ್ಜಿಯ ಬಾಯಲ್ಲಿ ಬಂದರೆ ಆ ಕಾಲೇಜಿಗೆ ಕೈ ಮುಗಿಯಬೇಕು.

ನನ್ನ ತಕರಾರು ಬೇರೆ ಎರಡಿವೆ.

ಮೊದಲನೆಯದು ಕಾಗದಪತ್ರದ್ದು. ಹುಡುಗರನ್ನು ಸೇರಿಸಿಕೊಳ್ಳುವಾಗ ಹೇಳುವುದೆಲ್ಲ ಬಾಯಿಮಾತು. ಫೀಸು ಪೂರ್ತಿ ಮಾಫಿಯೋ ಅರ್ಧವೋ, ಮೂರು ವರ್ಷಕ್ಕೋ ಒಂದು ವರ್ಷಕ್ಕೋ, ಪರೀಕ್ಷಾ ಶುಲ್ಕ ಯಾರದು, ಮಂಡಿಗೆ ಪೆಟ್ಟಾದರೆ ಚಿಕಿತ್ಸೆ ಯಾರದು, ಆಡಲಾಗದಿದ್ದರೆ ಹಾಸ್ಟೆಲ್ ಇರುತ್ತದೋ ಇಲ್ಲವೋ. ಬ್ಯಾಸ್ಕೆಟ್‌ಬಾಲ್ ಮಂಡಿ, ಹಿಮ್ಮಡಿ ತಿನ್ನುವ ಆಟ. ನೆಗೆದು ಇಳಿಯುವಾಗ ಕಾಲು ತಿರುಚಿದರೆ ಒಂದು ವರ್ಷ ಹೋಯಿತು ಅಂತಲೇ ಲೆಕ್ಕ. ಆ ವರ್ಷ ಕೋಚ್ ಇನ್ನೊಬ್ಬ ಎತ್ತರದ ಹುಡುಗನನ್ನು ಹುಡುಕುತ್ತಾನೆ, ಅದು ಅವನ ಕೆಲಸ. ಪೆಟ್ಟಾದವನ ಅಪ್ಪ ರೇಷ್ಮೆಗೂಡಿನ ದುಡ್ಡಿನಲ್ಲಿ ಎರಡನೇ ವರ್ಷದ ಫೀಸು ಕಟ್ಟಬೇಕಾ? ಇದಕ್ಕೆ ಉತ್ತರ ಕಾಗದದ ಮೇಲೆ ಇರಬೇಕು, ಕನ್ನಡದಲ್ಲಿ ಇರಬೇಕು, ಅಪ್ಪ ಅಮ್ಮ ಓದಿಸಿಕೊಂಡು ಸಹಿ ಹಾಕುವಂತೆ ಇರಬೇಕು. ಒಂದು ಪುಟ ಸಾಕು. ಪುಟಗಟ್ಟಲೆ ಜಾಹೀರಾತು ಕೊಡುವ ಸಂಸ್ಥೆಗಳಿಗೆ ಇದು ಭಾರ ಅಲ್ಲ.

ಈ ಮಾತು ಈಗ ಹೆಚ್ಚು ಮುಖ್ಯ ಆಗಿರುವುದಕ್ಕೆ ಕಾರಣ, ಕಾಲೇಜು ಮುಗಿದ ಮೇಲೆ ಹಿಡಿದುಕೊಳ್ಳಲು ಇದ್ದ ಕೊಂಬೆಗಳು ಕಡಿಮೆಯಾಗಿವೆ. ಹಿಂದೆ ಬೆಂಗಳೂರಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವನಿಗೆ ವಿಜಯಾ ಬ್ಯಾಂಕ್ ತಂಡ ಕನಸಾಗಿತ್ತು. ಆಟದ ಜೊತೆ ಕೆಲಸ, ಕೆಲಸದ ಜೊತೆ ಪೆನ್ಷನ್. 2019ರ ಏಪ್ರಿಲ್ 1ರಂದು ಆ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದೊಳಗೆ ವಿಲೀನವಾಯಿತು. ರೈಲ್ವೆ, ಪೊಲೀಸ್ ಕೋಟಾ ಇವೆ, ಆದರೆ ಅಲ್ಲಿಗೆ ಹೋಗುವವರು ಬೆರಳೆಣಿಕೆ. ಉಳಿದವರಿಗೆ ಕೈಯಲ್ಲಿ ಇರುವುದು ಪದವಿ ಒಂದೇ. ಆ ಪದವಿಯನ್ನು ಮಂಡಿಯ ಮೇಲೆ ಒತ್ತೆ ಇಡಬಾರದು.

ಎರಡನೇ ತಕರಾರು ಬಿಟ್ಟು ಹೋದ ಊರಿನದು. ಇದನ್ನು ನಮ್ಮ ಜಿಲ್ಲೆಯವರಿಗೆ ಹೇಳುವುದು ಸುಲಭ, ಯಾಕೆಂದರೆ ಇಲ್ಲಿ ಎಲ್ಲರಿಗೂ ಹುಳು ಮೇಯಿಸುವುದು ಗೊತ್ತು. ರಾಮನಗರದ ಗೂಡಿನ ಮಾರುಕಟ್ಟೆಗೆ ಗೂಡು ತರುವ ರೈತರಲ್ಲಿ ಎಷ್ಟೋ ಜನ ಮೊಟ್ಟೆಯಿಂದ ಹುಳು ಸಾಕುವುದಿಲ್ಲ. ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳು ತರುತ್ತಾರೆ. ಎಳೇ ಹುಳುವಿಗೆ ಎಳೇ ಸೊಪ್ಪು, ಸರಿಯಾದ ಶಾಖ, ತೇವ ಕೊಟ್ಟು ಉಳಿಸುವುದೇ ಕಷ್ಟದ ಕೆಲಸ. ಅದು ಚಾಕಿಯವನದು. ಆಮೇಲೆ ಸೊಪ್ಪು ಹಾಕಿ ಹಣ್ಣು ಮಾಡಿ ಗೂಡು ಕಟ್ಟಿಸುವುದು ರೈತನದು. ಗೂಡಿನ ದುಡ್ಡು ರೈತನಿಗೆ ಬರುತ್ತದೆ, ಸರಿ. ಆದರೆ ಚಾಕಿ ಹುಳುವನ್ನು ಯಾರೂ ಪುಕ್ಕಟೆ ತರುವುದಿಲ್ಲ.

ನಮ್ಮ ಕಾಲೇಜುಗಳು ಪುಕ್ಕಟೆ ತರುತ್ತಿವೆ. ಹಳ್ಳಿ ಪ್ರೌಢಶಾಲೆಯ ಪಿಟಿ ಮೇಷ್ಟ್ರು, ಅದೂ ಎಷ್ಟೋ ಕಡೆ ಆ ಹುದ್ದೆ ಖಾಲಿ ಇದ್ದು ಗಣಿತದ ಮೇಷ್ಟ್ರೇ ವಿಷಲ್ ಹಿಡಿದಿರುತ್ತಾರೆ, ಹುಡುಗಿಯ ಮನೆಗೆ ಹೋಗಿ ಒಪ್ಪಿಸಿ, ಸಂಜೆ ನಿಲ್ಲಿಸಿಕೊಂಡು ಓಡಿಸಿ, ಸ್ವಂತ ಬೈಕಿನ ಪೆಟ್ರೋಲು ಹಾಕಿ ತಾಲ್ಲೂಕು ಕೂಟಕ್ಕೆ ಕರೆದುಕೊಂಡು ಹೋಗಿರುತ್ತಾರೆ. ಮುಂದೆ ಆ ಹುಡುಗಿ ವಿಶ್ವವಿದ್ಯಾಲಯದ ಜೆರ್ಸಿ ಹಾಕಿದ ಫೋಟೊ ಪೇಪರಿನಲ್ಲಿ ಬಂದಾಗ ಶಾಲೆಯ ಹೆಸರು ಎಲ್ಲೂ ಇರುವುದಿಲ್ಲ. ಹೆಸರು ಬೇಡ, ಬಿಡಿ. ಒಂದು ಚೆಂಡಾದರೂ ವಾಪಸ್ ಬಂದಿತಾ?

ಫುಟ್‌ಬಾಲಿನಲ್ಲಿ ಇದಕ್ಕೆ ನಿಯಮವೇ ಇದೆ. ಫಿಫಾ 2001ರಲ್ಲಿ ತಂದದ್ದು. ಆಟಗಾರ ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ ಹಣಕ್ಕೆ ಹೋದರೆ ಆ ಮೊತ್ತದ ಶೇ. 5ರಷ್ಟು ಅವನನ್ನು 12ರಿಂದ 23ನೇ ವಯಸ್ಸಿನ ನಡುವೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. ಅವನು ಹುಟ್ಟಿದೂರಿನ ಪುಟ್ಟ ಕ್ಲಬ್ಬು ಆ ದುಡ್ಡಿನಲ್ಲಿ ಮುಂದಿನ ಹುಡುಗನಿಗೆ ಬೂಟು ಕೊಡಿಸುತ್ತದೆ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಇದಕ್ಕೆ ಉಲ್ಟಾ ದಾರಿ ಹಿಡಿದಿದೆ. 2018ರಲ್ಲಿ ಅಲ್ಲಿ ಕಾಲೇಜು ಬಿಟ್ಟು ಕಾಲೇಜಿಗೆ ಹೋಗಲು ಬಯಸುವವರ ಹೆಸರು ಹಾಕುವ ಪೋರ್ಟಲ್ ಬಂತು. 2021ರಿಂದ, ಹಾಗೆ ಹೋದವರು ಮೊದಲಿನಂತೆ ಒಂದು ವರ್ಷ ಆಡದೆ ಕೂರಬೇಕಿಲ್ಲ. ಅದೇ ವರ್ಷದ ಜುಲೈನಿಂದ ಆಟಗಾರರು ತಮ್ಮ ಹೆಸರಿನ ಮೇಲೆ ದುಡ್ಡು ಮಾಡಲೂಬಹುದು. ಹುಡುಗರಿಗೆ ಅದರಿಂದ ಒಳ್ಳೆಯದೇ ಆಗಿದೆ, ತಡೆಯಬೇಕು ಅನ್ನುವವನು ನಾನಲ್ಲ. ಆದರೆ ಅಲ್ಲಿಯ ಕೋಚ್‌ಗಳು ಈಗ ಪ್ರತಿ ಬೇಸಿಗೆಯಲ್ಲೂ ತಂಡವನ್ನು ಬುಡದಿಂದ ಕಟ್ಟಬೇಕು. ವ್ಯತ್ಯಾಸ ಇಷ್ಟೆ: ಅಲ್ಲಿ ಹೈಸ್ಕೂಲಿನಲ್ಲೇ ಒಳಾಂಗಣ ಅಂಕಣ ಇರುತ್ತದೆ. ಬೇರು ಗಟ್ಟಿಯಿದೆ, ಎಷ್ಟು ಹಣ್ಣು ಕಿತ್ತರೂ ಮರ ಮತ್ತೆ ಬಿಡುತ್ತದೆ. ನಾವು ಗಿಡವನ್ನೇ ಕಿತ್ತುಕೊಂಡು ಹೋಗುತ್ತಿದ್ದೇವೆ.

ಇಲ್ಲಿ ಸೀಟಿಗೆ ಬೆಲೆ ಕಟ್ಟಿ ಶೇಕಡಾವಾರು ಕೊಡಿ ಅಂದರೆ ನಗುತ್ತಾರೆ. ದುಡ್ಡು ಬೇಡ. ಒಂದು ಹಳ್ಳಿ ಶಾಲೆಯಿಂದ ಒಬ್ಬ ಆಟಗಾರ್ತಿಯನ್ನು ಕ್ರೀಡಾ ಕೋಟಾದಲ್ಲಿ ತೆಗೆದುಕೊಂಡ ಕಾಲೇಜು ಅವಳು ಅಲ್ಲಿ ಓದುವಷ್ಟು ವರ್ಷ ಆ ಶಾಲೆಯ ಜೊತೆ ನಂಟು ಇಟ್ಟುಕೊಳ್ಳಲಿ. ತಿಂಗಳಿಗೆ ಎರಡು ಶನಿವಾರ ಕಾಲೇಜಿನ ಕೋಚ್ ಅಥವಾ ಸೀನಿಯರ್ ಆಟಗಾರರು ಬರಲಿ. ವರ್ಷಕ್ಕೆ ಆರು ಚೆಂಡು ಕಳಿಸಲಿ, ಹುಡುಗಿಯರಿಗೆ 6ನೇ ಸೈಜು, ಹುಡುಗರಿಗೆ 7. (ಶಾಲೆಗೆ ಬರುವ ಕ್ರೀಡಾ ಸಾಮಗ್ರಿಯಲ್ಲಿ ಎಲ್ಲರಿಗೂ ಒಂದೇ ಸೈಜಿನ ಚೆಂಡು ಬಂದು, ಹುಡುಗಿಯರು ಅದರಲ್ಲೇ ಕಲಿತು, ಪಂದ್ಯದ ದಿನ ಬೇರೆ ಚೆಂಡು ಹಿಡಿದು ತಬ್ಬಿಬ್ಬಾಗುವುದು ಉಂಟು.) ಬೇಸಿಗೆ ರಜೆಯಲ್ಲಿ ಎಂಟು, ಒಂಬತ್ತನೇ ತರಗತಿಯ ಮಕ್ಕಳನ್ನು ಹತ್ತು ದಿನ ಕಾಲೇಜಿನ ಅಂಕಣಕ್ಕೆ ಕರೆಸಿಕೊಳ್ಳಲಿ.

ಅಂಕಣ ಕಟ್ಟುವವರು ಯಾರು ಅನ್ನಬಹುದು. ರಾಜ್ಯದ ಹಲವು ಗ್ರಾಮ ಪಂಚಾಯಿತಿಗಳು ನರೇಗಾದಲ್ಲಿ ಸರ್ಕಾರಿ ಶಾಲೆಗಳಿಗೆ ಬ್ಯಾಸ್ಕೆಟ್‌ಬಾಲ್ ಅಂಕಣ ಕಟ್ಟಿಸಿವೆ. ಅದರಲ್ಲಿ ತೊಡಕೂ ಇತ್ತು: ಕೂಲಿಗೆ 60, ಸಾಮಗ್ರಿಗೆ 40 ಅನ್ನುವ ಲೆಕ್ಕದಲ್ಲಿ ಕಾಂಕ್ರೀಟು, ಕಬ್ಬಿಣ ಹೆಚ್ಚು ಬೇಡುವ ಕೆಲಸಕ್ಕೆ ಪಿಡಿಒಗಳು ಹಿಂದೆಮುಂದೆ ನೋಡುತ್ತಿದ್ದರು. ಆ ಕೊರತೆ ತುಂಬಲು ಬಿಡದಿ, ಹಾರೋಹಳ್ಳಿಯ ಕೈಗಾರಿಕೆಗಳಿವೆ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಸಿಎಸ್ಆರ್ ಹಣವನ್ನು ಗ್ರಾಮೀಣ ಕ್ರೀಡೆ, ಒಲಿಂಪಿಕ್ ಕ್ರೀಡೆಗಳ ತರಬೇತಿಗೆ ಬಳಸಬಹುದು ಅಂತ ಬರೆದೇ ಇದೆ. ಹೋಬಳಿಗೆ ಒಂದು ಒಳ್ಳೆಯ ಅಂಕಣ ಸಾಕು, ಪ್ರತಿ ಶಾಲೆಗೂ ಬೇಡ. ಕಟ್ಟಿದ ಮೇಲೆ ರಾಗಿ ಒಕ್ಕಲು ಅದೇ ಕಣ ಆಗದಂತೆ ನೋಡಿಕೊಳ್ಳುವುದು ಮಾತ್ರ ಕೋಚ್ ಬಂದರೆ ಆಗುವ ಕೆಲಸ. ಆಡುವವರಿದ್ದರೆ ಯಾರೂ ರಾಗಿ ಹರಡುವುದಿಲ್ಲ.

ಕಾಲೇಜುಗಳಿಗೂ ಇದರಲ್ಲಿ ಲಾಭವೇ. 2017ರ ಜುಲೈನಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಕಜಕಿಸ್ತಾನವನ್ನು 75–73ರಿಂದ ಸೋಲಿಸಿ ಏಷ್ಯಾ ಕಪ್ ‘ಬಿ’ ವಿಭಾಗ ಗೆದ್ದರು. ಎರಡೇ ಅಂಕದ ಅಂತರ. ಅಂಥ ಹೊತ್ತಿನಲ್ಲಿ ಗೆಲ್ಲಿಸುವುದು ಎತ್ತರ ಅಲ್ಲ, ಸಾವಿರ ಸಲ ಮಾಡಿ ಕೈಗೆ ಬಂದ ಅಭ್ಯಾಸ. ಹದಿನಾರಕ್ಕೆ ಶುರು ಮಾಡಿದವಳಿಗೆ ಅದನ್ನು ತುಂಬಿಕೊಡಲು ಎರಡು ವರ್ಷದ ಪಿಯುಸಿ ಸಾಲದು. ಹನ್ನೆರಡಕ್ಕೆ ಶುರು ಮಾಡಿದ್ದರೆ ಅದೇ ಹುಡುಗಿ ಕಾಲೇಜಿಗೆ ಬರುವಾಗ ನಾಲ್ಕು ವರ್ಷದ ಆಟ ಹೊತ್ತು ತರುತ್ತಾಳೆ.

ಜೂನ್ ಬರುತ್ತಿದೆ. ಫೋನುಗಳೂ ಬರುತ್ತವೆ. ನಮ್ಮ ಹೋಬಳಿಯ ಪಿಟಿ ಮೇಷ್ಟ್ರುಗಳಿಗೆ, ಎಸ್‌ಡಿಎಂಸಿಯವರಿಗೆ ನನ್ನದೊಂದು ಸಲಹೆ. ಎತ್ತರದ ಹುಡುಗರಿದ್ದಾರಾ ಅಂತ ಕೇಳಿದವರಿಗೆ ಇದ್ದಾರೆ ಅಂತಲೇ ಹೇಳಿ, ಯಾರ ದಾರಿಗೂ ಅಡ್ಡ ನಿಲ್ಲಬೇಡಿ. ಆದರೆ ಹುಡುಗಿಯ ಹೆಸರು ಕೊಡುವ ಮೊದಲು ಎರಡು ಮಾತು ಕೇಳಿ: ಆ ಒಂದು ಪುಟದ ಕಾಗದ ಯಾವಾಗ ಕಳಿಸುತ್ತೀರಿ, ಮತ್ತು ಮೊದಲ ಶನಿವಾರ ಯಾರು ಬರುತ್ತಾರೆ?