ಸೂಜಿ ಮಗುವಿನ ಕೈಗೆ ಬರಲಿ

ಡಿಸೆಂಬರ್ ಬಂತೆಂದರೆ ಬೋಧನಾಭ್ಯಾಸದ ಶಾಲೆಗಳಲ್ಲಿ ಕರಕುಶಲ ಪಾಠಗಳು ಹೆಚ್ಚುತ್ತವೆ. ನಮ್ಮ ಪ್ರಶಿಕ್ಷಣಾರ್ಥಿಗಳು ನಕ್ಷತ್ರ, ಗಂಟೆ, ಶುಭಾಶಯ ಪತ್ರ, ಬಟ್ಟೆಯ ಗೊಂಬೆ ಎಂದು ಕ್ರಿಸ್‌ಮಸ್ ಹಬ್ಬವನ್ನು ಪಾಠ ಯೋಜನೆಯೊಳಗೆ ತರುತ್ತಾರೆ. ಇದು ಸಂತೋಷದ ವಿಷಯವೇ. ಆದರೆ ವೀಕ್ಷಣಾ ಪಟ್ಟಿ ಹಿಡಿದು ಹಿಂದಿನ ಬೆಂಚಿನಲ್ಲಿ ಕುಳಿತಾಗಲೆಲ್ಲ ನನಗೆ ಒಂದೇ ಪ್ರಶ್ನೆ ಏಳುತ್ತದೆ: ಈ 40 ನಿಮಿಷಗಳಲ್ಲಿ ನಿಜವಾಗಿ ಕೆಲಸ ಮಾಡಿದವರು ಯಾರು?

ಹೆಚ್ಚಿನ ಪಾಠಗಳಲ್ಲಿ ಅದು ಪ್ರಶಿಕ್ಷಣಾರ್ಥಿಯೇ. ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಕುಳಿತು ಫೆಲ್ಟ್ ಬಟ್ಟೆಯಲ್ಲಿ 40 ನಕ್ಷತ್ರ ಕತ್ತರಿಸಿಟ್ಟಿರುತ್ತಾರೆ. ತರಗತಿಯಲ್ಲಿ ಗ್ಲೂ ಗನ್ ಅವರ ಕೈಯಲ್ಲೇ ಇರುತ್ತದೆ. ಮಕ್ಕಳ ಪಾಲಿಗೆ ಉಳಿಯುವುದು ಚಮಕಿ ಅಂಟಿಸುವ ಕೆಲಸ ಮಾತ್ರ. ಗಂಟೆ ಹೊಡೆಯುವ ಹೊತ್ತಿಗೆ 40 ನಕ್ಷತ್ರಗಳು ಸಾಲಾಗಿ ತೂಗಾಡುತ್ತವೆ, ಎಲ್ಲವೂ ಒಂದೇ ಅಚ್ಚಿನವು. ಫೋಟೋ ಚೆನ್ನಾಗಿ ಬರುತ್ತದೆ, ಅಂಕವೂ ಚೆನ್ನಾಗಿಯೇ ಬರುತ್ತದೆ. ಆದರೆ ಮಗು ಮನೆಗೆ ಹೋಗಿ ಇನ್ನೊಂದು ನಕ್ಷತ್ರ ಮಾಡಲಾರದು. ಹಾಗಾದರೆ ನಡೆದದ್ದು ತೋರಣ ಕಟ್ಟುವ ಕೆಲಸ, ಪಾಠವಲ್ಲ ಎಂಬುದು ನನ್ನ ಅಭಿಪ್ರಾಯ.

ಕ್ರಿಸ್‌ಮಸ್ ಅಲಂಕಾರ ಪಾಠವಾಗಬಲ್ಲದು ಎಂಬುದಕ್ಕೆ ಇತಿಹಾಸದಲ್ಲೇ ಒಂದು ಸೊಗಸಾದ ಉದಾಹರಣೆ ಇದೆ. ಮೊರೇವಿಯನ್ ನಕ್ಷತ್ರ ಅಥವಾ ಹೆರ್ನ್‌ಹುಟ್ ನಕ್ಷತ್ರ ಎಂದು ಜಗತ್ತಿನಾದ್ಯಂತ ಹೆಸರಾದ, ಮೈಯೆಲ್ಲ ಮೊನೆಗಳಿರುವ ಕಾಗದದ ದೀಪ ಹುಟ್ಟಿದ್ದು ಯಾವುದೋ ಅಂಗಡಿಯಲ್ಲಲ್ಲ, ಶಾಲೆಯಲ್ಲಿ. 19ನೇ ಶತಮಾನದ ಮೊದಲರ್ಧದಲ್ಲಿ ಜರ್ಮನಿಯ ಮೊರೇವಿಯನ್ ಚರ್ಚಿನವರು ನಡೆಸುತ್ತಿದ್ದ ವಸತಿಶಾಲೆಯ ರೇಖಾಗಣಿತದ ಪಾಠದಲ್ಲಿ ಅದು ರೂಪುಗೊಂಡಿತು. ಅದರ ಸಾಮಾನ್ಯ ಮಾದರಿಯಲ್ಲಿ 25 ಮೊನೆಗಳಿವೆ: 17 ಚೌಕ ತಳದ ಪಿರಮಿಡ್ಡುಗಳು, 8 ತ್ರಿಕೋನ ತಳದವು. 26ನೆಯ ಮುಖವನ್ನು ದೀಪ ಇಳಿಬಿಡಲು ತೆರೆದಿಡುತ್ತಾರೆ. ಘನಾಕೃತಿ, ಮುಖ, ಅಂಚು ಎಂಬ ಪದಗಳನ್ನು ಆ ಹುಡುಗರು ಬೆರಳ ತುದಿಯಲ್ಲಿ ಕಲಿತರು. ಹಬ್ಬಕ್ಕೆ ದೀಪವೂ ಸಿದ್ಧವಾಯಿತು. ಗಣಿತ ಮೊದಲೋ ಹಬ್ಬ ಮೊದಲೋ ಎಂದು ಬೇರ್ಪಡಿಸಲಾಗದ ಇಂಥ ಪಾಠವೇ ನಮ್ಮ ಗುರಿಯಾಗಬೇಕು.

ನಮ್ಮ ಕರಾವಳಿಯ ಮನೆಗಳಲ್ಲಿ ಬಿದಿರಿನ ಕಡ್ಡಿ ಮತ್ತು ಬಣ್ಣದ ಕಾಗದದಿಂದ ಕಟ್ಟುವ ನಕ್ಷತ್ರದಲ್ಲೂ ಗಣಿತ ಕಡಿಮೆ ಇಲ್ಲ. ಒಂದೇ ಅಳತೆಯ 5 ಕಡ್ಡಿಗಳಿಂದ ಒಂದು ಚೌಕಟ್ಟು, ಇನ್ನೈದರಿಂದ ಇನ್ನೊಂದು. ಎರಡನ್ನೂ ಮೊನೆಗಳಲ್ಲಿ ಬಿಗಿದು, ನಡುವಿನ ಐದು ಸಂಧಿಗಳಲ್ಲಿ ಚಿಕ್ಕ ಕಡ್ಡಿಗಳನ್ನು ಸಿಕ್ಕಿಸಿದರೆ ಚಪ್ಪಟೆಯಾಗಿದ್ದದ್ದು ಉಬ್ಬಿ ನಿಲ್ಲುತ್ತದೆ. ಒಂದೊಂದು ಮೊನೆಯ ಕೋನ 36 ಡಿಗ್ರಿ, ಐದೂ ಸೇರಿದರೆ 180. ಕೋನಮಾಪಕ ಹಿಡಿದು ಮಕ್ಕಳೇ ಇದನ್ನು ಕಂಡುಕೊಳ್ಳಲಿ. ತ್ರಿಭುಜದ ಮೂರು ಕೋನಗಳ ಮೊತ್ತವೂ ಇಷ್ಟೇ ಅಲ್ಲವೇ ಎಂದು ಒಬ್ಬರಾದರೂ ಕೇಳದಿರರು.

ಹೊಲಿಗೆಗೆ ಬರೋಣ. ನಾನು ಸೂಚಿಸುವ ಕೆಲಸ ಬಹಳ ಸರಳ: ಲಾಡಿ ಎಳೆದು ಬಾಯಿ ಮುಚ್ಚುವ ಒಂದು ಪುಟ್ಟ ಚೀಲ. ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಕುಸ್ವಾರ್ ತಿಂಡಿಗಳನ್ನು ಮಾಡಿ ನೆರೆಹೊರೆಗೆ ಹಂಚುವ ವಾಡಿಕೆಯಿದೆ. ಆ ಕಾಗದದ ಪೊಟ್ಟಣ ಹಾಕಲು, ಗೆಳೆಯರಿಗೆ ಉಡುಗೊರೆ ಕೊಡಲು ಈ ಚೀಲ ಸಾಕು. ಬಟ್ಟೆಗೆ ಅಂಗಡಿಗೆ ಹೋಗಬೇಕಿಲ್ಲ, ಟೈಲರ್ ಅಂಗಡಿಯಲ್ಲಿ ಉಳಿದ ಚೂರುಗಳಿರುತ್ತವೆ.

22 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದದ ಬಟ್ಟೆ ಕೊಟ್ಟು, ಹೊಲಿದ ಮೇಲೆ ಚೀಲ ಎಷ್ಟು ದೊಡ್ಡದಿರುತ್ತದೆ ಎಂದು ಮೊದಲೇ ಊಹಿಸಲು ಹೇಳಿ. ಬಹಳ ಮಂದಿ ಅಗಲ 22, ಎತ್ತರ 20 ಎನ್ನುತ್ತಾರೆ. ಹೊಲಿದು ನೋಡಿದರೆ ಅಗಲ 20, ಎತ್ತರ 17. ಎರಡೂ ಪಕ್ಕದಲ್ಲಿ ಹೊಲಿಗೆಗೆ 1 ಸೆಂ.ಮೀ. ಹೋಯಿತು, ಮೇಲಂಚಿನಲ್ಲಿ ಲಾಡಿ ತೂರಿಸಲು ಮಡಚಿದ್ದು 3 ಸೆಂ.ಮೀ. ಕೆಳಗೆ ಮಡಿಕೆಯೇ ತಳವಾದ್ದರಿಂದ ಅಲ್ಲಿ ಏನೂ ಕಳೆಯಲಿಲ್ಲ. ಕಳೆದುಹೋದ ಸೆಂಟಿಮೀಟರುಗಳು ಎಲ್ಲಿ ಹೋದವು ಎಂದು ಮಗು ಬಟ್ಟೆಯನ್ನು ತಿರುವಿ ಹುಡುಕುವ ಆ ಎರಡು ನಿಮಿಷ, ಕಪ್ಪುಹಲಗೆಯ ಹತ್ತು ಲೆಕ್ಕಗಳಿಗೆ ಸಮ. ಚೀಲವನ್ನು ಒಳಮೈ ಹೊರಗಿಟ್ಟು ಹೊಲಿದು ಆಮೇಲೆ ತಿರುವಬೇಕು. ಹೀಗೆ ಮುಂದಾಲೋಚಿಸುವುದನ್ನು ಮಾತಿನಲ್ಲಿ ಕಲಿಸುವುದು ಕಷ್ಟ, ಬಟ್ಟೆ ತಾನೇ ಕಲಿಸಿಬಿಡುತ್ತದೆ.

ನಕ್ಷತ್ರವೇ ಬೇಕೆಂದರೆ 3 ಸೆಂ.ಮೀ. ಉದ್ದದ 10 ಅಂಚುಗಳ ನಕ್ಷತ್ರವನ್ನು ಎರಡು ಪದರ ಫೆಲ್ಟ್‌ನಲ್ಲಿ ಮಕ್ಕಳೇ ಬರೆದು ಕತ್ತರಿಸಲಿ. ಸುತ್ತಳತೆ 30 ಸೆಂ.ಮೀ. ಅರ್ಧ ಸೆಂಟಿಮೀಟರಿಗೊಂದು ಚುಕ್ಕೆ ಇಟ್ಟು ರನ್ನಿಂಗ್ ಸ್ಟಿಚ್ ಹಾಕಿದರೆ ಮೇಲೆ 30 ಹೊಲಿಗೆ, ಕೆಳಗೆ 30. ಅದೇ ದಾರಿಯಲ್ಲಿ ಹಿಂತಿರುಗಿದರೆ ಬಿಟ್ಟ ಜಾಗಗಳೆಲ್ಲ ತುಂಬುತ್ತವೆ. ಕೊನೆಯ ಒಂದು ಅಂಚು ಬಾಕಿ ಇರುವಾಗ ಹತ್ತಿ ತುಂಬಿ ಮುಚ್ಚಿದರಾಯಿತು. ಫೆಲ್ಟ್ ನೂಲು ಬಿಡುವುದಿಲ್ಲವಾದ್ದರಿಂದ ಹೊಸಬರಿಗೆ ಅನುಕೂಲ. ಹತ್ತಿ ಬಟ್ಟೆಯಾದರೆ ಅಂಚು ಒಳಗೆ ಹೋಗುವಂತೆ ತಿರುವಬೇಕು, ಒಳಮೂಲೆಗಳಿಗೆ ಕತ್ತರಿಯ ತುದಿಯಿಂದ ಸಣ್ಣ ಗೀಟು ಹಾಕದಿದ್ದರೆ ಸುಕ್ಕುಗಟ್ಟುತ್ತದೆ. ಅದನ್ನು ದೊಡ್ಡ ತರಗತಿಗೆ ಬಿಡುವುದು ಲೇಸು.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಮೊದಲನೆಯದು ಸೂಜಿಯ ಭಯ. ನಾಲ್ಕನೇ ತರಗತಿಗೆ ಗೋಣಿ ಬಟ್ಟೆ, ಉಣ್ಣೆ ದಾರ ಮತ್ತು ಮೊಂಡು ತುದಿಯ ಸೂಜಿ ಕೊಡಬಹುದು. ದೊಡ್ಡವರಿಗೆ ನಾಲ್ವರ ಗುಂಪಿಗೊಂದು ಪಿನ್‌ಕುಶನ್, ಎಣಿಸಿದ ಸೂಜಿಗಳು. ‘ಕೊಟ್ಟದ್ದು 12, ಬಂದದ್ದು 12’ ಎಂದು ಹಲಗೆಯ ಮೇಲೆ ಬರೆದ ನಂತರವೇ ತರಗತಿ ಮುಗಿಯಲಿ. ಎರಡನೆಯದು ಸಮಯ. ಒಂದು ಅವಧಿಯಲ್ಲಿ ಚೀಲ ಮುಗಿಯದು, ನಿಜ. ಅಳತೆಗೆ ಒಂದು, ಹೊಲಿಗೆಗೆ ಎರಡು, ಹೀಗೆ ಮೂರು ಅವಧಿಗಳ ಘಟಕ ಯೋಜನೆ ಮಾಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಗಳ ನಡುವೆ 10 ದಿನಗಳ ಚೀಲರಹಿತ ಅವಧಿಯನ್ನು ಹೇಳಿದೆ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣದ ತಿರುಳೂ ಕೈಕೆಲಸದ ಮೂಲಕ ಕಲಿಕೆ ಎಂಬುದೇ. ಪಠ್ಯಕ್ರಮದಲ್ಲಿ ಜಾಗವಿಲ್ಲ ಎಂಬ ಮಾತು ನಿಲ್ಲುವುದಿಲ್ಲ.

ಮೂರನೆಯದು, ಹುಡುಗರು ಹೊಲಿಯುತ್ತಾರೆಯೇ ಎಂಬ ಅನುಮಾನ. ಹುಡುಗಿಯರಿಗೆ ಹೊಲಿಗೆ, ಹುಡುಗರಿಗೆ ಬಿದಿರು ಎಂದು ಹಂಚುವುದನ್ನು ನಾನು ಈಗಲೂ ನೋಡುತ್ತೇನೆ. ಊರಿನ ಟೈಲರ್ ಅಂಗಡಿಯಲ್ಲಿ ಮಶೀನು ತುಳಿಯುವ ಗಂಡಸರನ್ನು ದಿನವೂ ನೋಡುವ ಮಕ್ಕಳಿಗೆ ಈ ಹಂಚಿಕೆ ಹೊಳೆದದ್ದಲ್ಲ, ನಾವು ಹೊಳೆಸಿದ್ದು. ಎಲ್ಲರಿಗೂ ಎರಡೂ ಕೆಲಸ ಕೊಡಿ.

ನಾಲ್ಕನೆಯದು ಸೂಕ್ಷ್ಮ: ಎಲ್ಲ ಧರ್ಮದ ಮಕ್ಕಳಿರುವ ತರಗತಿಯಲ್ಲಿ ಕ್ರಿಸ್‌ಮಸ್ ಕೆಲಸ ಏಕೆ? ಕೆಲವರು ಅಂಜಿ ಹಬ್ಬದ ಹೆಸರನ್ನೇ ಹೇಳದೆ ‘ಚಳಿಗಾಲದ ಅಲಂಕಾರ’ ಎನ್ನುತ್ತಾರೆ. ಅದು ಬೇಡ. ದೀಪಾವಳಿಗೆ ಗೂಡುದೀಪ ಕಟ್ಟಿದ ಕೈಯೇ ಕ್ರಿಸ್‌ಮಸ್‌ಗೆ ನಕ್ಷತ್ರ ಕಟ್ಟಲಿ, ಎರಡಕ್ಕೂ ಅವುಗಳ ಹೆಸರಿರಲಿ. ತರಗತಿಯ ಕ್ರೈಸ್ತ ಮಗು ತನ್ನ ಮನೆಯ ಗೋದಲಿಯ ಬಗ್ಗೆ ಹೇಳಬಯಸಿದರೆ ಹೇಳಲಿ, ಎಬ್ಬಿಸಿ ನಿಲ್ಲಿಸಿ ಹೇಳಿಸುವುದು ಬೇಡ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಕೌದಿಗಳನ್ನು ನೋಡಿ. ಆ ಸಮುದಾಯದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವ ಹೊಲಿಗೆ ಎಲ್ಲರದೂ ಒಂದೇ. ಕ್ರೈಸ್ತ ಮಹಿಳೆಯರು ಹೊಲಿದ ಕೆಲವು ಕೌದಿಗಳಲ್ಲಿ ಶಿಲುಬೆಯ ಆಕಾರ ಕಾಣುತ್ತದೆ. ನಂಬಿಕೆ ಅವರವರದು, ಕೈಯ ವಿದ್ಯೆ ಎಲ್ಲರದು. ತರಗತಿಯಲ್ಲಿ ಇಷ್ಟು ಅರ್ಥವಾದರೆ ಸಾಕು.

ಕೊನೆಯ ಮಾತು ಪ್ರಶಿಕ್ಷಣಾರ್ಥಿಗಳಿಗಿಂತ ಹೆಚ್ಚಾಗಿ ನನ್ನ ಸಹೋದ್ಯೋಗಿಗಳಿಗೆ. ನಮ್ಮ ವೀಕ್ಷಣಾ ಪಟ್ಟಿಯಲ್ಲಿ ಕಲಿಕೋಪಕರಣದ ಆಕರ್ಷಣೆಗೆ, ಕಪ್ಪುಹಲಗೆಯ ಅಂದಕ್ಕೆ, ಸಮಯಪಾಲನೆಗೆ ಅಂಕಗಳಿವೆ. ಸೊಟ್ಟ ಹೊಲಿಗೆಯ, ಅರ್ಧ ಮುಗಿದ ಚೀಲ ಹಿಡಿದ ತರಗತಿಗೆ ಆ ಪಟ್ಟಿಯಲ್ಲಿ ಅಂಕ ಸಿಗುವುದು ಕಷ್ಟ. ಹೀಗಿರುವಾಗ ಪ್ರಶಿಕ್ಷಣಾರ್ಥಿ ರಾತ್ರಿಯೆಲ್ಲ ಕುಳಿತು ಮಕ್ಕಳ ಕೆಲಸವನ್ನು ತಾನೇ ಮಾಡಿ ಮುಗಿಸಿದರೆ ದೂರುವುದು ಹೇಗೆ? ಆದ್ದರಿಂದ ಕರಕುಶಲ ಪಾಠಗಳ ಪಟ್ಟಿಗೆ ಮೂರು ಪ್ರಶ್ನೆಗಳನ್ನು ಸೇರಿಸೋಣ. ಅಳೆದವರು, ಕತ್ತರಿಸಿದವರು, ಹೊಲಿದವರು ಯಾರು? ತಪ್ಪಿದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಲು ಮಗುವಿಗೆ ಸಮಯ ಸಿಕ್ಕಿತೇ? ಇದೇ ವಸ್ತುವನ್ನು ಯಾರ ನೆರವೂ ಇಲ್ಲದೆ ಮನೆಯಲ್ಲಿ ಇನ್ನೊಮ್ಮೆ ಮಾಡಬಲ್ಲ ಮಕ್ಕಳು ಎಷ್ಟು ಮಂದಿ?

ಬರುವ ಡಿಸೆಂಬರಿನ ಪಾಠಗಳಿಂದಲೇ ಇದನ್ನು ಆರಂಭಿಸಬಹುದು. ಗೋಡೆಯ ಮೇಲೆ ತೂಗುವ ನಕ್ಷತ್ರಗಳು ಒಂದರಂತೆ ಒಂದು ಇರುವುದಿಲ್ಲ. ಆದರೆ ಅಮ್ಮನಿಗೋ ಪಕ್ಕದ ಮನೆಯ ಅಜ್ಜಿಗೋ ಉಡುಗೊರೆ ಕೊಡುವಾಗ ‘ಇದನ್ನು ನಾನೇ ಹೊಲಿದದ್ದು’ ಎಂದು ಮಗು ಹೇಳಿದರೆ ಆ ಮಾತು ಸತ್ಯವಾಗಿರುತ್ತದೆ.