ಗೆರೆ ಎಳೆದ ಮೇಲಲ್ಲವೆ ಓಟ

‘ಮೊದಲು ಗೆದ್ದು ತೋರಿಸಲಿ, ಸೌಲಭ್ಯ ಹಿಂದೆಯೇ ಬರುತ್ತೆ.’ ಹೆಣ್ಣುಮಕ್ಕಳ ಆಟೋಟದ ವಿಷಯ ಬಂದಾಗ ಹೀಗೆನ್ನುವವರು ಕೆಟ್ಟವರೇನಲ್ಲ, ಟಿ.ವಿ. ಮುಂದೆ ಕೂತು ನಮ್ಮ ಹುಡುಗಿಯರಿಗೆ ಚಪ್ಪಾಳೆ ತಟ್ಟುವವರೇ. ಮಾತು ನ್ಯಾಯವಾಗಿಯೂ ಕೇಳಿಸುತ್ತದೆ. ಆದರೆ ನಡೆದದ್ದು ಹಾಗಲ್ಲ.

ಪಿ.ಟಿ. ಉಷಾ ಎಂದೊಡನೆ ನೆನಪಾಗುವುದು 1984ರ ಲಾಸ್ ಏಂಜಲೀಸ್, ಸೆಕೆಂಡಿನ ನೂರನೇ ಒಂದು ಪಾಲಿನಲ್ಲಿ ಕೈತಪ್ಪಿದ ಕಂಚು. ಮಹಿಳೆಯರ 400 ಮೀಟರ್ ಹರ್ಡಲ್ಸ್ ಒಲಿಂಪಿಕ್ಸಿಗೆ ಬಂದದ್ದೇ ಆ ವರ್ಷ ಎಂಬುದನ್ನು ನಾವು ಮರೆಯುತ್ತೇವೆ. ಕರ್ಣಂ ಮಲ್ಲೇಶ್ವರಿ 1994, 1995ರಲ್ಲೇ ವಿಶ್ವ ಚಾಂಪಿಯನ್. ಒಲಿಂಪಿಕ್ಸ್ ಪದಕಕ್ಕೆ 2000ದ ಸಿಡ್ನಿಯವರೆಗೆ ಕಾಯಬೇಕಾಯಿತು, ಯಾಕೆಂದರೆ ಮಹಿಳಾ ವೇಟ್‌ಲಿಫ್ಟಿಂಗ್ ಅದಕ್ಕೂ ಮುಂಚೆ ಅಲ್ಲಿ ಇರಲೇ ಇಲ್ಲ. ಮೇರಿ ಕೋಮ್ ಐದು ಸಲ ವಿಶ್ವ ಚಾಂಪಿಯನ್ ಆದಮೇಲೆ, 2012ರಲ್ಲಿ, ಮಹಿಳಾ ಬಾಕ್ಸಿಂಗ್ ಒಲಿಂಪಿಕ್ಸ್ ಸೇರಿತು. ಆಗಲೂ ಅವರ 48 ಕೆ.ಜಿ. ವಿಭಾಗ ಇರಲಿಲ್ಲ; ಮೈತೂಕ ಹೆಚ್ಚಿಸಿಕೊಂಡು 51ರಲ್ಲಿ ಸೆಣಸಿ ಕಂಚು ತಂದರು. ಗೆದ್ದು ತೋರಿಸುವುದರಲ್ಲಿ ಇವರೇನು ಕಡಿಮೆ ಮಾಡಿದ್ದರು?

ಮುಚ್ಚಿದ ಬಾಗಿಲಿಗೆ ಕಾರಣಗಳು ಹೇಗೆ ಹುಟ್ಟುತ್ತವೆ ಎಂಬುದಕ್ಕೆ 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್ ನೋಡಬೇಕು. ಮೊದಲ ಬಾರಿ ಹೆಂಗಸರಿಗೆ 800 ಮೀಟರ್ ಓಟ. ಜರ್ಮನಿಯ ಲೀನಾ ರಾಡ್ಕೆ ಗೆದ್ದರು. ಮಾರನೆಯ ದಿನದಿಂದ ಪತ್ರಿಕೆಗಳಲ್ಲಿ ಒಂದೇ ಹುಯಿಲು: ಓಡಲಾಗದೆ ಕುಸಿದು ಬಿದ್ದರಂತೆ, ಹೆಣ್ಣಿನ ಮೈಗೆ ಇದು ಆಗಿಬರುವುದಿಲ್ಲವಂತೆ. ಅಸಲಿಗೆ ಫೈನಲ್ ಓಡಿದ 9 ಮಂದಿಯೂ ಗುರಿ ಮುಟ್ಟಿದ್ದರು. ಓಟ ಮುಗಿಸಿದವರು ಏದುಸಿರು ಬಿಡುತ್ತಾ ನೆಲಕ್ಕೆ ಒರಗಿದರೆ ಅದೇನು ಅಪರೂಪವೆ? ಆದರೂ ಆ ಓಟವನ್ನು ಕಿತ್ತುಹಾಕಿದರು. ಅದು ಮರಳಿದ್ದು 1960ರಲ್ಲಿ. ಅದಕ್ಕೂ ಮೊದಲು, 1908ರ ಲಂಡನ್ ಒಲಿಂಪಿಕ್ಸಿನ ಮ್ಯಾರಥಾನ್‌ನಲ್ಲಿ ಇಟಲಿಯ ಡೊರಾಂಡೊ ಪಿಯೆಟ್ರಿ ಕೊನೆಯ ಸುತ್ತಿನಲ್ಲಿ ಮತ್ತೆ ಮತ್ತೆ ಬಿದ್ದ. ಅಧಿಕಾರಿಗಳೇ ಎತ್ತಿ ನಿಲ್ಲಿಸಿ ಗುರಿ ದಾಟಿಸಿದರು. ಅದಕ್ಕಾಗಿ ಅವನು ಅನರ್ಹನಾದ, ನಿಜ; ಆದರೆ ರಾಣಿ ಅವನಿಗೆ ಬಟ್ಟಲು ಕೊಟ್ಟು ಗೌರವಿಸಿದಳು. ಗಂಡಸಿನ ಮೈಗೆ ಒಗ್ಗದು ಎಂದು ಮ್ಯಾರಥಾನನ್ನು ಯಾರೂ ಕಿತ್ತುಹಾಕಲಿಲ್ಲ. ಹೆಂಗಸರ ಮ್ಯಾರಥಾನ್ ಬರಲು 1984 ಆಗಬೇಕಾಯಿತು.

ಈಗಿನ ಕಾರಣ ಮೈಬಲದ್ದಲ್ಲ, ದುಡ್ಡಿನದು: ‘ಜನ ನೋಡುವುದಿಲ್ಲವಲ್ಲ!’ ಕ್ರಿಕೆಟ್ಟನ್ನೇ ತೆಗೆದುಕೊಳ್ಳಿ. ಮಹಿಳಾ ವಿಶ್ವಕಪ್ 1973ರಲ್ಲಿ, ಪುರುಷರದಕ್ಕಿಂತ ಎರಡು ವರ್ಷ ಮೊದಲೇ ಶುರುವಾಯಿತು. ನಮ್ಮ ವನಿತೆಯರು ಮೊದಲ ಟೆಸ್ಟ್ ಆಡಿದ್ದು 1976ರಲ್ಲಿ, ಬೆಂಗಳೂರಿನಲ್ಲೇ. ನಾಯಕಿ ಶಾಂತಾ ರಂಗಸ್ವಾಮಿ. ಆ ಪೀಳಿಗೆ ರಿಸರ್ವೇಶನ್ ಇಲ್ಲದ ಬೋಗಿಗಳಲ್ಲಿ ಕಿಟ್ ಹೊತ್ತು ತಿರುಗಿ, ಡಾರ್ಮಿಟರಿಯಲ್ಲಿ ಮಲಗೆದ್ದು ಆಡಿತು. ಹಾಗೆ ನೋಡಿದರೆ ಪುರುಷರ ಕ್ರಿಕೆಟ್ ಕೂಡ ಹುಟ್ಟಿನಿಂದ ಸಿರಿವಂತವಲ್ಲ. 1983ರಲ್ಲಿ ವಿಶ್ವಕಪ್ ಗೆದ್ದ ಕಪಿಲ್ ತಂಡಕ್ಕೆ ಬಹುಮಾನ ಕೊಡಲು ಮಂಡಳಿಯಲ್ಲಿ ಹಣವಿಲ್ಲದೆ ಲತಾ ಮಂಗೇಶ್ಕರ್ ಹಾಡಿ ಕೂಡಿಸಿಕೊಡಬೇಕಾಯಿತು. ವರ್ಷಗಟ್ಟಲೆ ಆಟ ತೋರಿಸಿ ತೋರಿಸಿಯೇ ನೋಡುಗರನ್ನು ಬೆಳೆಸಿದ್ದು. ಮಹಿಳಾ ಕ್ರಿಕೆಟ್ ಬಿಸಿಸಿಐ ತೆಕ್ಕೆಗೆ ಬಂದದ್ದು 2006ರಲ್ಲಿ, ಸಮಾನ ಪಂದ್ಯ ಸಂಭಾವನೆ 2022ರಲ್ಲಿ, ಪ್ರೀಮಿಯರ್ ಲೀಗ್ 2023ರಲ್ಲಿ. 2025ರ ನವೆಂಬರ್ 2ರ ರಾತ್ರಿ ನವಿ ಮುಂಬಯಿಯಲ್ಲಿ ವಿಶ್ವಕಪ್ ಕೈಗೆ ಬಂತು. ಲೀಗ್ ಒಂದರಿಂದಲೇ ಬಂತೆನ್ನಲಾರೆ, 2005 ಮತ್ತು 2017ರಲ್ಲೂ ಫೈನಲ್ ಮುಟ್ಟಿದವರು ಅವರು. ಆದರೆ ದೊಡ್ಡ ಪಂದ್ಯದ ಒತ್ತಡ, ದೀಪದ ಬೆಳಕು, ಕಿಕ್ಕಿರಿದ ಗ್ಯಾಲರಿ ಇವೆಲ್ಲ ಅಷ್ಟರಲ್ಲಿ ಅವರಿಗೆ ರೂಢಿಯಾಗಿದ್ದವು. ಅದನ್ನು ಯಾವ ನೆಟ್ಸಿನಲ್ಲೂ ಕಲಿಸಲಾಗದು.

2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಗಂಡು ಹೆಣ್ಣಿಗೆ ಸಮಸಮ ಕೋಟಾ ಸಿಕ್ಕಿತು. ಮೇಲಿನ ಬಾಗಿಲು ತೆರೆದಿದೆ ಅನ್ನೋಣ. ಕೆಳಗೆ?

ಒಮ್ಮೆ ತಾಲ್ಲೂಕು ಮಟ್ಟದ ಪ್ರೌಢಶಾಲಾ ಕ್ರೀಡಾಕೂಟಕ್ಕೆ ಹೋಗಿದ್ದೆ. ಶೌಚಾಲಯಕ್ಕೆ ಬೀಗ, ಕೀಲಿ ಯಾರ ಹತ್ತಿರವೋ. ಬಿಸಿಯೂಟದ ಕೋಣೆಯ ಹಿಂದೆ ಇಬ್ಬರು ಹುಡುಗಿಯರು ವೇಲುಗಳನ್ನು ಪರದೆಯಂತೆ ಹಿಡಿದಿದ್ದರು, ಒಳಗೆ ಒಬ್ಬೊಬ್ಬಳೇ ಜೆರ್ಸಿ ಹಾಕಿಕೊಳ್ಳುತ್ತಿದ್ದಳು. ಇಪ್ಪತ್ತು ಹೆಜ್ಜೆ ಆಚೆ ಪಿ.ಟಿ. ಮೇಷ್ಟ್ರು ಬೆನ್ನು ತಿರುಗಿಸಿ ಕಾವಲು ನಿಂತಿದ್ದರು. ಪಾಪ, ಅವರೂ ಇನ್ನೇನು ಮಾಡಿಯಾರು. ಹುಡುಗಿಯರ ಖೊಖೊ ಫೈನಲ್ ಮೂರಕ್ಕೆ ಎಂದಿತ್ತು. ಹುಡುಗರ ವಾಲಿಬಾಲ್ ಮುಗಿಯಲಿ ಎಂದರು. ಅದು ಮುಗಿದಾಗ ಐದಕ್ಕೆ ಹತ್ತು ನಿಮಿಷ. ಒಂದು ತಂಡದ ಊರಿಗೆ ಐದೂವರೆಗೇ ಕೊನೆಯ ಬಸ್ಸು. ಅಂಕಣದ ಸುಣ್ಣದ ಗೆರೆ ನೋಡಲು ಬಂದವರ ಕಾಲ್ತುಳಿತಕ್ಕೆ ಅಳಿಸಿಹೋಗಿತ್ತು, ಮತ್ತೆ ಹಾಕಲು ಸುಣ್ಣವಿರಲಿಲ್ಲ. ಹುಡುಗಿಯರೇ ಹಿಮ್ಮಡಿಯಿಂದ ಮಣ್ಣಿನಲ್ಲಿ ಗೆರೆ ಕೊರೆದುಕೊಂಡರು. ಎರಡು ಇನಿಂಗ್ಸ್ ಆಡಲು ಹೊತ್ತಿಲ್ಲವೆಂದು ಫೈನಲನ್ನು ಒಂದೇ ಇನಿಂಗ್ಸ್‌ಗೆ ಮುಗಿಸಿದರು.