ಉತ್ತರ ಬರದಿದ್ದರೆ ‘ಇಲ್ಲ’ ಅಂತಲ್ಲ

‘ನೆಟ್‌ವರ್ಕ್ ಸರಿಯಿಲ್ಲ ಸಾರ್’ ಅನ್ನೋದು ನಮ್ಮ ಕಸುಬಿನವರ ಗುರಾಣಿ. ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ ಪಾವಗಡದಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತೆ, ನಿಜ. ಆದರೆ ಉತ್ತರ ತಡವಾಗುವುದು ಟವರ್‌ನ ದೋಷ. ಸುಳ್ಳು ಉತ್ತರ ಪುಟ ಬರೆದವನದು.

ಜಮೀನಿನ ದಾಖಲೆ ಹುಡುಕುವ ಪುಟ ತೆಗೆದುಕೊಳ್ಳಿ. ಬೆರಳು ಜಾರಿ ತಾಲ್ಲೂಕು ಮಧುಗಿರಿ ಒತ್ತಿದಿರಿ, ತಕ್ಷಣ ಪಾವಗಡಕ್ಕೆ ಬದಲಿಸಿದಿರಿ. ಸರ್ವರ್‌ಗೆ ಎರಡು ಕೋರಿಕೆ ಹೋದವು. ಪಾವಗಡದ್ದು ಮೊದಲು ಬಂತು. ನಾಗಲಮಡಿಕೆ, ನಿಡಗಲ್ಲು, ವೈ.ಎನ್. ಹೊಸಕೋಟೆ ಎಲ್ಲ ಕಂಡವು. ಅಷ್ಟರಲ್ಲಿ ಮಧುಗಿರಿಯದು ತಡವಾಗಿ ಬಂದು ಅದನ್ನೆಲ್ಲ ಅಳಿಸಿ ಕೂತಿತು. ಮೇಲೆ ಪಾವಗಡ, ಕೆಳಗೆ ಮಧುಗಿರಿಯ ಹೋಬಳಿಗಳು! ಹಳೆ ಕೋರಿಕೆಯನ್ನು ಅಬಾರ್ಟ್‌ಕಂಟ್ರೋಲರ್‌ನಿಂದ ರದ್ದು ಮಾಡಿ, ಇಲ್ಲವೇ ರಿಯಾಕ್ಟ್‌ನ ಯೂಸ್‌ಎಫೆಕ್ಟ್ ಕ್ಲೀನಪ್‌ನಲ್ಲಿ ‘ಇದು ಲೆಕ್ಕಕ್ಕಿಲ್ಲ’ ಅಂತ ಗುರುತು ಹಾಕಿ. ನಾಲ್ಕು ಸಾಲಿನ ಕೆಲಸ. ಅದು ಬಿಟ್ಟು ಆಫೀಸಿನ ವೈಫೈನಲ್ಲಿ ಒಂದು ಸಲ ನೋಡಿ ಟಿಕೆಟ್ ಮುಚ್ಚುತ್ತಾರೆ.

ಇದಕ್ಕಿಂತ ಕೆಟ್ಟದ್ದು ಖಾಲಿ ಪಟ್ಟಿ. ಸ್ಟೇಟ್‌ಗೆ ಮೊದಲೇ ಖಾಲಿ ಅರೇ ಇಡುವುದು, ಅರೇ ಖಾಲಿಯಿದ್ದರೆ ‘ದಾಖಲೆ ಇಲ್ಲ’ ಅಂತ ತೋರಿಸುವುದು. ಸರ್ವರ್ 500 ಎಂದು ಕೈಚೆಲ್ಲಿದರೂ ಫೆಚ್‌ನ ಪ್ರಾಮಿಸ್ ರಿಜೆಕ್ಟ್ ಆಗುವುದಿಲ್ಲ; ರೆಸ್ಪಾನ್ಸ್ ಓಕೆ ಇದೆಯಾ ಅಂತ ನಾವೇ ನೋಡಬೇಕು. ಯಾರು ನೋಡ್ತಾರೆ? ಬಂದದ್ದರಲ್ಲಿ ಪಟ್ಟಿ ಸಿಗದಿದ್ದರೆ ಖಾಲಿ ಅಂದುಕೊಳ್ಳುವ ಚಟ ಬೇರೆ. ಅಲ್ಲಿಗೆ, ಸರ್ವರ್ ಮಲಗಿದ್ದೂ ‘ದಾಖಲೆ ಇಲ್ಲ’ ಆಯಿತು.

ಇಂಥದೇ ಒಂದು ಪುಟ ನೋಡಿ ನಮ್ಮ ಚಿಕ್ಕಪ್ಪ ರಾತ್ರಿ ಫೋನ್ ಮಾಡಿದ್ದರು: ‘ಏನಪ್ಪಾ, ನಮ್ಮ ಸರ್ವೆ ನಂಬರೇ ಇಲ್ವಂತಲ್ಲೋ?’ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿರುವ ತಾಲ್ಲೂಕು ಇದು. ಅದಕ್ಕೆ ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಜಮೀನು ತಮ್ಮದು ಅನ್ನೋಕೆ ಅವರ ಕೈಲಿರೋದು ಕಾಗದ ಒಂದೇ. ಅಂಥವರ ಮುಂದೆ ‘ಇಲ್ಲ’ ಅನ್ನೋ ಪದವನ್ನು ಇಷ್ಟು ಅಗ್ಗವಾಗಿ ಬಿಸಾಕೋದಾ?

ಲೋಡಿಂಗ್, ಎರರ್, ಡೇಟಾ ಅಂತ ಮೂರು ಬಾವುಟ ನೆಡುತ್ತೀರಿ. ಒಟ್ಟು 8 ಜೋಡಣೆ. ಲೋಡಿಂಗೂ ಹೌದು, ಎರರೂ ಹೌದು ಅನ್ನೋ ಅಸಂಬದ್ಧವೂ ಅದರೊಳಗೇ. ಬದಲಿಗೆ ಒಂದೇ ಸ್ಟೇಟ್ ಇಡಿ, ನಾಲ್ಕು ಹೆಸರು ಕೊಡಿ: ಇನ್ನೂ ಕೇಳಿಲ್ಲ, ಕೇಳಿದ್ದೇವೆ, ಬಂತು, ಬರಲಿಲ್ಲ. ‘ದಾಖಲೆ ಇಲ್ಲ’ ಅನ್ನುವ ಹಕ್ಕು ‘ಬಂತು’ ಒಂದಕ್ಕೇ, ಅದೂ ಬಂದ ಪಟ್ಟಿ ಖಾಲಿಯಿದ್ದರೆ.

ಟ್ಯಾನ್‌ಸ್ಟ್ಯಾಕ್ ಕ್ವೆರಿ ಹಾಕಿದ್ದೀವಿ ಅಂತೀರಾ? ಸಂತೋಷ. ಸರ್ವರ್ 500 ಕೊಡುವ ಹಾಗೆ ಮಾಡಿ ‘ಹುಡುಕು’ ಒತ್ತಿ. ಪರದೆ ಮೇಲೆ ಏನು ಬರುತ್ತೋ ಓದಿ, ಆಮೇಲೆ ಟಿಕೆಟ್ ಮುಚ್ಚಿ.